ಎಡಗೈಗೆ ನಿಲುಕುವ ಕೀಗಳು

ಮಾರ್ಚ್ 2, ಸೋಮವಾರ

ಹಾಗಂತ ನಾನು ಒಪ್ಪಿಕೊಂಡುಬಿಟ್ಟೆ ಅಂತ ತಿಳೀಬೇಡ. ನಿನ್ನೆ ಬರೆಯುತ್ತಾ ಬರೆಯುತ್ತಾ ಕಣ್ಣು ಎಳೆಯಿತು, ಮಾತು ಅಲ್ಲಿಗೇ ನಿಂತಿತ್ತು. ನಾನು ಅಂದದ್ದು "ನೋಡೋಣ" ಅಂತ, ಅಷ್ಟೆ. ಆದರೆ ನಿನ್ನ ತಂಗಿಯ ಕಿವಿಗೆ "ನೋಡೋಣ" ಅನ್ನೋದು "ಆಯ್ತು" ಅಂತಲೇ ಕೇಳಿಸುತ್ತದೆ. ಅಕ್ಕತಂಗಿಯರಿಬ್ಬರೂ ಒಂದೇ ಎರಕ.

ನೀನು ಹೋಗಿ ಒಂದೂವರೆ ವರ್ಷ. ಆಮೇಲಿನದನ್ನು ನಿನಗೆ ಯಾರು ಹೇಳಬೇಕು, ಅದಕ್ಕೇ ಬರೆಯುತ್ತೇನೆ. ಏಳು ತಿಂಗಳ ಹಿಂದೆ ಅವಳಿಗೆ ಪಾರ್ಶ್ವವಾಯು ಬಡಿಯಿತು. ಮಾತು ಮೂರು ತಿಂಗಳಲ್ಲಿ ವಾಪಸು ಬಂತು, ಮೊದಲಿನದಕ್ಕಿಂತ ಎರಡರಷ್ಟು. ಬಲಗೈ ಮಾತ್ರ ಮಡಿಲಲ್ಲಿ ಮಲಗಿದ ಬೆಕ್ಕು. ತನಗೆ ಮನಸ್ಸು ಬಂದಾಗ ಒಂದು ಸಲ ಅಲುಗುತ್ತದೆ, ಮತ್ತೆ ನಿದ್ದೆ.

ಅವಳ ರೇಡಿಯೋ ಕಾರ್ಯಕ್ರಮ ನಿನಗೆ ಗೊತ್ತಲ್ಲ. ಶುಕ್ರವಾರ ಸಂಜೆ ಐದರಿಂದ ಆರು, ಕೇಳುಗರ ಪತ್ರ ಓದುವುದು, ನಡುನಡುವೆ ಹಾಡು. ಇಪ್ಪತ್ತೆರಡು ವರ್ಷ ನಡೆಸಿದಳು. ಈಗ ಆ ಹೊತ್ತಿಗೆ ಬರೀ ಹಾಡು, ಮನುಷ್ಯರ ಸದ್ದಿಲ್ಲ. ಅಲ್ಲಿ ಹಾಡು ಹಾಕುವ ಪ್ರೋಗ್ರಾಂ ಪೂರ್ತಿ ಮೌಸಿನದು. ಎಡಗೈಯಲ್ಲಿ ಇವಳು ಮೌಸ್ ಹಿಡಿದರೆ ಪರದೆಯ ಬಾಣ ಕುಡಿದವನ ಹಾಗೆ ತೂರಾಡುತ್ತದಂತೆ. ಮ್ಯಾನೇಜರ್ ಹೇಳಿದ್ದಾನೆ: ಬೂತಿನಲ್ಲಿ ಒಬ್ಬರಿಗೇ ಜಾಗ. ಹದಿನಾಲ್ಕನೇ ತಾರೀಖು ಒಬ್ಬರೇ ಅರ್ಧ ಗಂಟೆ ನಡೆಸಿ ತೋರಿಸಿ, ಇಪ್ಪತ್ತರಿಂದ ಸಂಜೆ ನಿಮ್ಮದು. ಆಗದಿದ್ದರೆ ಹಾಡೇ ಮುಂದುವರಿಯಲಿ.

"ಭಾವ, ನೀವು ಕಂಪ್ಯೂಟರ್ ಕ್ಲಾಸಿಗೆ ಹೋಗಿದ್ರಲ್ಲ. ನನಗೊಂದು ಪ್ರೋಗ್ರಾಂ ಬರೆದುಕೊಡಿ. ಮೌಸ್ ಬೇಡ. ಎಡಗೈ ಒಂದಿದೆ, ಅದಕ್ಕೆ ಕೆಲಸ ಕೊಡಿ."

"ಅದ್ಯಾಕೆ ಅಷ್ಟೆಲ್ಲ? ನಾನೇ ಪಕ್ಕದಲ್ಲಿ ಕೂತು ಒತ್ತುತ್ತೀನಿ ಬಿಡು."

"ನೀವು ಪಕ್ಕದಲ್ಲಿ ಕೂತರೆ ಕೇಳುಗರಿಗೆ ನಿಮ್ಮ ಉಸಿರು ಕೇಳಿಸುತ್ತೆ."

ಅದಕ್ಕೇ "ನೋಡೋಣ" ಅಂದೆ. ಪ್ರೋಗ್ರಾಂ ಅರ್ಧಂಬರ್ಧ ಆದರೂ ಪರವಾಗಿಲ್ಲ, ಆಗ ಮ್ಯಾನೇಜರ್ ನನ್ನನ್ನು ಕೂರಿಸಿಕೊಳ್ಳಲೇಬೇಕು. ಇದನ್ನು ಅವಳಿಗೆ ಹೇಳಿಲ್ಲ.

ಮಾರ್ಚ್ 3, ಮಂಗಳವಾರ

ನಿವೃತ್ತಿಯಾದ ಹೊಸದರಲ್ಲಿ ನಾನು ಅಡುಗೆಮನೆಯಲ್ಲಿ ಅಡ್ಡಾಡುವುದನ್ನು ತಾಳಲಾರದೆ ನೀನೇ ತಾನೆ ನನ್ನನ್ನು ಸಂಜೆ ಕ್ಲಾಸಿಗೆ ಅಟ್ಟಿದ್ದು? ನಲವತ್ತು ವರ್ಷ ಹುಡುಗರಿಗೆ ಯಂತ್ರದ ನಕ್ಷೆ ಬರೆಯಲು ಕಲಿಸಿದವನಿಗೆ ಪ್ರೋಗ್ರಾಂ ಕಷ್ಟವಾಗಲಿಲ್ಲ. ಕಷ್ಟ ಆಗುವುದು ಅದರ ಕೈಪಿಡಿಯ ಇಂಗ್ಲಿಷ್. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ವೇರ್ ದೇರ್ ಈಸ್ ಎ ವಿಲ್, ದೇರ್ ಈಸ್ ನೋ ಮಾಸ್. ಹೀಗೇ ಏನೋ ಇತ್ತು. ಬಾಲ ಬೇರೆ ಗಾದೆಯದಿರಬೇಕು.

ಇವತ್ತು ಕಿಟಕಿ ಮೂಡಿಸಿದೆ. ಕಂಪ್ಯೂಟರಿನ ಕಿಟಕಿ. ಮೇಲೆ ಮೆನು: ಹಾಡು, ಮೈಕ್, ಪಟ್ಟಿ. ಕೆಳಗೆ ಕೇಳುಗರ ಹೆಸರು ಬರೆಯುವ ಡಬ್ಬಿ. ಮೆನುವಿನ ಪ್ರತಿಯೊಂದಕ್ಕೂ ಒಂದು ಕೀ. ಸಾಂಗಿಗೆ ಎಸ್, ಮೈಕಿಗೆ ಎಂ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ? ಒಂದು ಬೆರಳು, ಒಂದು ಅಕ್ಷರ, ಮುಗೀತು.

ಮಧ್ಯಾಹ್ನ ನಿಂತುಕೊಂಡೇ ಊಟ ಮಾಡಿದೆ. ಬೈಯಬೇಡ. ಒಬ್ಬನಿಗೆ ಮೇಜು ಒರೆಸುವವರು ಯಾರು.

ಮಾರ್ಚ್ 5, ಗುರುವಾರ

ಅವಳು ಪ್ರೋಗ್ರಾಂ ನೋಡಲು ಬಂದಳು. ನಿನ್ನ ಕುರ್ಚಿ ಮೇಲಿದ್ದ ಶಾಲುಗಳನ್ನು ಮಡಚಿ ಕಪಾಟಿನಲ್ಲಿಟ್ಟೆ. ಕೂರಲು ಬೇರೆ ಕುರ್ಚಿ ಇಲ್ಲವಲ್ಲ.

ಹೆಸರಿನ ಡಬ್ಬಿಯಲ್ಲಿ ಒಬ್ಬ ಕೇಳುಗರ ಹೆಸರು ಹೊಡೆಯತೊಡಗಿದಳು. ನನ್ನ ಕಂಪ್ಯೂಟರಿನಲ್ಲಿ ಇರುವುದು ಇಂಗ್ಲಿಷ್ ಅಕ್ಷರವೊಂದೇ, ಅದರಲ್ಲೇ ಹೊಡೆದಳು. ಎಸ್ ಒತ್ತಿದ್ದೇ ತಡ, ಹಾಡು ಶುರು! ಎಂ ಒತ್ತಿದಳು, ಮೈಕ್ ತೆರೆದುಕೊಂಡಿತು. ಹೆಸರು ಮುಗಿಯುವಷ್ಟರಲ್ಲಿ ಎರಡು ಹಾಡು ಬಂದು ಹೋಗಿ, ಮೈಕ್ ಮೂರು ಸಲ ತೆರೆದು ಮುಚ್ಚಿತ್ತು.

"ಭಾವ, ಇದು ಪ್ರೋಗ್ರಾಮೋ ದೆವ್ವ ಹೊಕ್ಕ ಹಾರ್ಮೋನಿಯಮ್ಮೋ?"

ನಕ್ಕೂ ನಕ್ಕೂ ಅವಳಿಗೆ ಕೆಮ್ಮು ಬಂತು. ನನಗೂ ನಗು ಬಂತು ಅಂತ ಬರೆಯಬೇಕು, ಸುಳ್ಳು ಹೇಳಬಾರದು.

ಬರೆಯುವ ಡಬ್ಬಿಯಲ್ಲಿದ್ದಾಗ ಅಕ್ಷರ ಅಕ್ಷರವಾಗಿರಬೇಕು, ಆಜ್ಞೆಯಾಗಬಾರದು. ಕಂಟ್ರೋಲ್ ಕೀ ಹಿಡಿದು ಜೊತೆಗೆ ಅಕ್ಷರ ಒತ್ತಿದಾಗ ಮಾತ್ರ ಆಜ್ಞೆ. ಎಲ್ಲರೂ ಹಾಗೇ ಮಾಡುತ್ತಾರಂತೆ. ನಾನು ಬುದ್ಧಿವಂತ ಅಂದುಕೊಂಡಿದ್ದೆ.

ಮಾರ್ಚ್ 7, ಶನಿವಾರ

ಕೆಳಗಿನ ಅಂಗಡಿಯ ದರ್ಜಿಯ ಹತ್ತಿರ ಹೋಗಿ ನನ್ನ ಬಲಗೈಯನ್ನು ಮೈಗೆ ಕಟ್ಟು ಅಂದೆ. ಅವನು ಅಳತೆ ಟೇಪು ಕತ್ತಿಗೆ ಹಾಕಿಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಮೇಷ್ಟ್ರೇ, ಯಾರಿಗಾದರೂ ಹೊಡೆದುಬಿಡ್ತೀರಿ ಅಂತ ಭಯವಾ?"

ಕಾರಣ ಹೇಳಿದೆ. ಆಮೇಲೆ ಶ್ರದ್ಧೆಯಿಂದ ಹಳೆ ಪರದೆ ಬಟ್ಟೆಯಲ್ಲಿ ಭುಜದಿಂದ ಸೊಂಟದವರೆಗೆ ಬಿಗಿದ. ಹಾಗೇ ಮೇಲೆ ಬಂದು ಕೂತೆ. ಮೂಗು ತುರಿಸಿದರೂ ಎಡಗೈ, ಪುಟ ತಿರುಗಿಸಿದರೂ ಎಡಗೈ. ಕಂಟ್ರೋಲ್ ಹಿಡಿದು ಎಂ ಒತ್ತಲು ಹೋದರೆ ಬೆರಳು ಹರಿದು ಹಂಚಿಹೋಗುತ್ತದೆ! ಎಡಗೈ ಕಿರುಬೆರಳು ಕಂಟ್ರೋಲಿನ ಮೇಲೆ ಇದ್ದರೆ ಉಳಿದವು ತಲುಪುವುದು ಎ, ಎಸ್, ಡಿ, ಎಫ್ ಅಷ್ಟೆ. ಅಂದರೆ ಹೆಸರಿಗೆ ಒಪ್ಪುವ ಅಕ್ಷರವಲ್ಲ, ಕೈಗೆ ಒಪ್ಪುವ ಅಕ್ಷರ ಬೇಕು. ಎಲ್ಲ ಬದಲಿಸಿದೆ.

ಕಟ್ಟು ಬಿಚ್ಚಿಸಿಕೊಳ್ಳಲು ಇಳಿದರೆ ದರ್ಜಿ ಊಟಕ್ಕೆ ಹೋಗಿದ್ದ. ಅವನ ಅಂಗಡಿ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತೆ. ಬೀದಿಯಲ್ಲಿ ಹೋಗುವವರೆಲ್ಲ "ಏನಾಯ್ತು ಮೇಷ್ಟ್ರೇ" ಅಂತ ನಿಂತರು. ಇಷ್ಟು ಜನರ ಹತ್ತಿರ ಮಾತಾಡಿ ಯಾವ ಕಾಲವಾಗಿತ್ತೋ. ಗಂಟಲು ನೋಯುತ್ತಿದೆ.

ಮಾರ್ಚ್ 8, ಭಾನುವಾರ

ಕಂಟ್ರೋಲ್ ಎಫ್ ಒತ್ತಿದರೆ ಏನೂ ಆಗುತ್ತಿಲ್ಲ. ಕಲ್ಲಿಗೆ ಹೇಳಿದ ಹಾಗೆ.

ಮಾರ್ಚ್ 9, ಸೋಮವಾರ

ಗೊತ್ತಾಯಿತು! ಎಫ್ ಅನ್ನು ಮುಂದಿನ ಹಾಡಿಗೂ ಕೊಟ್ಟಿದ್ದೆ, ಮರೆತು ಪಟ್ಟಿ ಹುಡುಕುವುದಕ್ಕೂ ಕೊಟ್ಟಿದ್ದೆ. ಒಂದೇ ಕೀಗೆ ಇಬ್ಬರು ಯಜಮಾನರು. ಇವನು ಮಾಡ್ತಾನೆ ಅಂತ ಅವನು, ಅವನು ಮಾಡ್ತಾನೆ ಅಂತ ಇವನು. ಹತ್ತು ಜನ ಸೇರಿದಲ್ಲಿ ಹಾವು ಸಾಯುವುದಿಲ್ಲ. ಯಂತ್ರ ಒಂದು ಮೂಲೆಯಲ್ಲಿ ಸಣ್ಣಗೆ ಬರೆದಿತ್ತು: ಆ್ಯಂಬಿಗ್ಯುಅಸ್, ಅಂದರೆ ಎರಡರ್ಥ, ಯಾವುದೆಂದು ತಿಳಿಯದು. ಈ ಪದ ನನಗೆ ಚೆನ್ನಾಗಿ ಗೊತ್ತು. ಇಂಗ್ಲಿಷ್ ಮೇಷ್ಟ್ರು ನನ್ನ ಉತ್ತರ ಪತ್ರಿಕೆಯ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು. ಮೂರು ವರ್ಷವೂ.

ಮಾರ್ಚ್ 11, ಬುಧವಾರ

ಇವತ್ತಿನದು ದೊಡ್ಡ ಪಾಠ, ವಿವರವಾಗಿ ಬರೆಯಬೇಕು.

ಮೈಕ್ ತೆರೆಯಲು ಮೂರು ದಾರಿ ಇಟ್ಟಿದ್ದೆ: ಮೆನುವಿನಲ್ಲಿ ಒಂದು ಸಾಲು, ಮೇಲಿನ ಪಟ್ಟಿಯಲ್ಲಿ ಒಂದು ಬಟನ್, ಮತ್ತು ಕೀ. ಮೂರಕ್ಕೂ ಬೇರೆ ಬೇರೆ ಬರೆದಿದ್ದೆ. ಕೀ ಒತ್ತಿದರೆ ಮೈಕ್ ತೆರೆಯುತ್ತಿತ್ತು, ಆದರೆ ಮೆನುವಿನಲ್ಲಿ ಟಿಕ್ ಬೀಳುತ್ತಿರಲಿಲ್ಲ. ಬಟನ್ ಒತ್ತಿದರೆ ಕೆಂಪು ದೀಪ ಹತ್ತುತ್ತಿತ್ತು, ಮೈಕ್ ಮುಚ್ಚಿಯೇ ಇರುತ್ತಿತ್ತು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಹಳೆಯದೇ. ನಿನ್ನ ತಂಗಿ ನೋಡಿ, "ಈಗ ನಾನು ಮಾತಾಡಿದರೆ ಊರಿಗೆ ಕೇಳಿಸುತ್ತೋ ಇಲ್ಲವೋ, ಅದನ್ನ ಹೇಳಿ ಮೊದಲು" ಅಂದಳು.

ಕೈಪಿಡಿಯನ್ನು ಮತ್ತೆ ಮೊದಲಿನಿಂದ ಓದಿದೆ. ಅವರು ಅದನ್ನು ಆ್ಯಕ್ಷನ್ ಅನ್ನುತ್ತಾರೆ. ಕೆಲಸವನ್ನು ಒಂದೇ ಸಲ ಬರೆಯಬೇಕು. ಅದರ ಹೆಸರು, ಅದರ ಕೀ, ಅದು ಈಗ ತೆರೆದಿದೆಯೋ ಮುಚ್ಚಿದೆಯೋ, ಎಲ್ಲವೂ ಅದರ ಹತ್ತಿರವೇ ಇರಬೇಕು. ಮೆನು, ಬಟನ್, ಕೀ ಇವೆಲ್ಲ ಬರೀ ಬಾಗಿಲು. ಒಂದೇ ಕೋಣೆಗೆ ಮೂರು ಬಾಗಿಲು. ಯಾವ ಬಾಗಿಲಿಂದ ಬಂದರೂ ಒಳಗಿರುವ ದೀಪ ಒಂದೇ. ನಾನು ಮೂರು ಬಾಗಿಲಿಗೆ ಮೂರು ಕೋಣೆ ಕಟ್ಟಿ, ಒಂದರಲ್ಲಿ ಗುಡಿಸಿ ಇನ್ನೊಂದರಲ್ಲಿ ಧೂಳು ಅಂತ ಒದ್ದಾಡುತ್ತಿದ್ದೆ.

ನೂರಾ ಎಂಬತ್ತು ಸಾಲು ಅಳಿಸಿದೆ, ಮೂವತ್ತು ಬರೆದೆ. ಎಲ್ಲ ಸರಿಹೋಯಿತು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ನಿನಗೆ ಹೇಳಬೇಕು ಅನ್ನಿಸಿತು, ಆದರೆ ಮೊದಲು ದರ್ಜಿಗೆ ಹೇಳಲು ಓಡಿದೆ. ಅವನು ಪೂರ್ತಿ ಕೇಳಿ, "ನಾನೂ ಅಷ್ಟೇ ಮೇಷ್ಟ್ರೇ, ಒಂದು ಅಂಗಿಗೆ ಒಂದೇ ಅಳತೆ ಬರೆದುಕೊಳ್ಳೋದು" ಅಂದ. ಅವನಿಗೆ ಅರ್ಥವಾಗಿದೆ. ನಮ್ಮ ಕ್ಲಾಸಿನ ಅರ್ಧ ಜನಕ್ಕೆ ಆಗಿರಲಿಲ್ಲ.

ಮಾರ್ಚ್ 14, ಶನಿವಾರ

ಕೆಟ್ಟೆ.

ಪರೀಕ್ಷೆ ಹತ್ತು ಗಂಟೆಗೆ. ರೇಡಿಯೋ ಕೇಂದ್ರ ಅಂದರೆ ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಮೆಟ್ಟಿಲಲ್ಲಿ ಕಾಲಿಟ್ಟರೆ ಬೂಟು ಬಿಳಿ. ಬೂತಿಗೆ ಗಾಜಿನ ಗೋಡೆ. ನಾನು, ಮ್ಯಾನೇಜರ್ ಹೊರಗೆ. ಅವಳು ಒಳಗೆ, ಬೆನ್ನು ನೆಟ್ಟಗೆ, ನಾನು ಹಾಕಿಕೊಟ್ಟ ಪ್ರೋಗ್ರಾಂ ಎದುರಿಗೆ.

ಮೊದಲ ಹಾಡು ಸರಿ. ಮೈಕ್ ಸರಿ. ಎಂಥ ಧ್ವನಿ! ಮ್ಯಾನೇಜರ್ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ. ಆಮೇಲೆ ಪತ್ರ ಬರೆದವರ ಹೆಸರನ್ನು ಡಬ್ಬಿಯಲ್ಲಿ ಹೊಡೆದಳು. ಹಾಡಿಗೆ ಕಂಟ್ರೋಲ್ ಎಸ್ ಒತ್ತಿದಳು. ಏನೂ ಇಲ್ಲ. ಮತ್ತೆ ಒತ್ತಿದಳು. ಇಲ್ಲ. ಕಂಟ್ರೋಲ್ ಡಿ, ಇಲ್ಲ. ನಾಲ್ಕು ಸೆಕೆಂಡು, ಐದು ಸೆಕೆಂಡು.

ಬಾಗಿಲು ತಳ್ಳಿ ಒಳಗೆ ಹೋದೆ. ಅವಳ ಭುಜದ ಮೇಲಿಂದ ಕೈಚಾಚಿ ಮೌಸ್ ಹಿಡಿದು ಹಾಡು ಹಾಕಿದೆ. ಹಾಡು ಬಂತು. ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಅವಳ ಮುಖವನ್ನೇ ನೋಡಲಿಲ್ಲ.

ಮ್ಯಾನೇಜರ್ ಪಾಪ ಕೆಟ್ಟವನಲ್ಲ. "ಒಬ್ಬರೇ ಅಂದಿದ್ದೆನಲ್ಲ ಮೇಷ್ಟ್ರೇ" ಅಂದ, ತಲೆ ತುರಿಸಿಕೊಂಡು.

ಅವಳು ಮೆಟ್ಟಿಲು ಇಳಿದಳು. ಕೆಳಗೆ ನಿಂತು ಹೇಳಿದಳು: "ಕೀ ಕೈಕೊಟ್ಟರೂ ನಾನು ಏನಾದರೂ ಮಾತಾಡಿ ಹೊತ್ತು ತಳ್ಳುತ್ತಿದ್ದೆ ಭಾವ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದು. ಮೈಕ್ ತೆರೆದೇ ಇತ್ತು. ನೀವು ಬಾಗಿಲು ತೆಗೆದಿರಿ ನೋಡಿ, ಆಗ ಸೋತೆ."

ನಾನು ಸಹಾಯ ಮಾಡಲು ಹೋದವನು. ಆಟೋ ಹಿಡಿದು ಅವಳು ಹೊರಟುಹೋದಳು.

ಮಾರ್ಚ್ 15, ಭಾನುವಾರ

ಕಂಪ್ಯೂಟರ್ ಹಚ್ಚಲಿಲ್ಲ.

ಆಸ್ಪತ್ರೆಯಲ್ಲಿ ಒಂದು ದಿನ ನೀನೂ ನನ್ನ ಕೈಯಿಂದ ಚಮಚ ಕಿತ್ತುಕೊಂಡಿದ್ದೆ. ಗಂಜಿ ಅರ್ಧ ಹಾಸಿಗೆಯ ಮೇಲೆ ಚೆಲ್ಲಿತು. ಜ್ವರ ತಲೆಗೇರಿದೆ ಅಂತ ನರ್ಸಿಗೆ ಹೇಳಿದ್ದೆ. ಅವತ್ತು ನಿನಗೆ ಜ್ವರ ಇರಲಿಲ್ಲ, ಅಲ್ಲವೇ?

ಮಾರ್ಚ್ 16, ಸೋಮವಾರ

ಬೆಳಗ್ಗೆ ಎಂಟಕ್ಕೇ ನಿನ್ನ ತಂಗಿಯ ಫೋನ್. ಕೋಪ ಎರಡು ರಾತ್ರಿಗಿಂತ ಹೆಚ್ಚು ಉಳಿಯುವುದಿಲ್ಲ ಅವಳಿಗೆ, ಒಗ್ಗರಣೆಯ ಸದ್ದಿನಷ್ಟೇ.

"ಭಾವ, ನಿಮ್ಮ ಮನೇಲಿ ಸರಿ ಇದ್ದದ್ದು ಅಲ್ಲಿ ಯಾಕೆ ಕೆಡ್ತು, ಯೋಚನೆ ಮಾಡಿದ್ರಾ?"

"ಇಲ್ಲ."

"ನಾನು ಮಾಡಿದೆ. ನಿಮ್ಮನೇಲಿ ನಾನು ಹೆಸರನ್ನ ಇಂಗ್ಲಿಷಲ್ಲಿ ಹೊಡೆದೆ. ಸ್ಟುಡಿಯೋದಲ್ಲಿ ನಮ್ಮ ಅಕ್ಷರಕ್ಕೆ ಬದಲಿಸಿಕೊಂಡು ಹೊಡೆದೆ. ಆಮೇಲಿಂದ ತಾನೆ ಕೀ ಸತ್ತದ್ದು?"

ಫೋನ್ ಹಿಡಿದೇ ನಿಂತುಬಿಟ್ಟೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ! ಕೀಬೋರ್ಡನ್ನು ನಮ್ಮ ಲಿಪಿಗೆ ತಿರುಗಿಸಿದ ಮೇಲೆ ಎಸ್ ಕೀ ಒತ್ತಿದರೆ ಯಂತ್ರಕ್ಕೆ ತಲುಪುವುದು ಎಸ್ ಅಲ್ಲ, ನಮ್ಮದೊಂದು ಅಕ್ಷರ. ನನ್ನ ಪ್ರೋಗ್ರಾಂ ಎಸ್ ಬರಲಿ ಅಂತ ಬಾಗಿಲಲ್ಲಿ ಕಾಯುತ್ತಾ ನಿಂತಿದೆ, ಅದು ಬರುವುದೇ ಇಲ್ಲ. ಕೈಪಿಡಿ ಬರೆದ ಪುಣ್ಯಾತ್ಮರು ಎರಡು ಲಿಪಿಯಲ್ಲಿ ಬದುಕುವವರಲ್ಲ, ಅದಕ್ಕೇ ಆ ಪುಟದಲ್ಲಿ ಈ ಮಾತಿಲ್ಲ. ನಾನಾದರೂ ಯೋಚಿಸಬೇಕಿತ್ತು.

ಯಾವ ಲಿಪಿಗೆ ತಿರುಗಿಸಿದರೂ ಬದಲಾಗದ ಕೀ ಯಾವುವು? ಮೇಲಿನ ಸಾಲಿನ ಎಫ್ ಒಂದು, ಎಫ್ ಎರಡು, ಮೂರು, ನಾಲ್ಕು, ಐದು. ಎಡಗೈ ಪಕ್ಕದಲ್ಲೇ ಇವೆ, ಕಂಟ್ರೋಲ್ ಹಿಡಿಯುವ ರಗಳೆಯೂ ಇಲ್ಲ. ಎಫ್ ಒಂದನ್ನು ಸಹಾಯಕ್ಕೆ ಬಿಡಬೇಕು, ಅದು ಹಳೇ ವಾಡಿಕೆ ಅನ್ನುತ್ತದೆ ಕೈಪಿಡಿ. ಹೇಳಿದೆ.

"ನನಗೆ ಸಹಾಯ ಬೇಡ, ಎಫ್ ಒಂದಕ್ಕೆ ಮೈಕ್ ಇಡಿ" ಅಂದಳು. ಸ್ವಲ್ಪ ತಡೆದು, "ಅಲ್ಲ ಭಾವ, ಯಾವ ಕೀ ಎಲ್ಲಿರಬೇಕು ಅಂತ ನಾನೇ ಇಟ್ಟುಕೊಳ್ಳುವ ಹಾಗೆ ಮಾಡೋಕಾಗಲ್ವಾ? ಪ್ರತಿ ಸಲ ನಿಮ್ಮನ್ನ ಕೇಳಬೇಕಾ?"

ಆಗುತ್ತದೆ. ಆ್ಯಕ್ಷನ್ ಒಂದೇ ಕಡೆ ಇರುವುದರಿಂದ ಅದರ ಕೀ ಬದಲಿಸುವುದು ಸುಲಭ. ಒಂದು ಸಣ್ಣ ಕಿಟಕಿ ಸಾಕು. ಎರಡೇ ಗಂಟೆಯ ಕೆಲಸ. ಮಾಡುವಾಗ ಮಾತ್ರ ಯಾಕೋ ಕೈ ನಿಧಾನ. ಇದು ಆದ ಮೇಲೆ ಅವಳಿಗೆ ನಾನು ಬೇಕಾಗುವುದಿಲ್ಲವಲ್ಲ ಅಂತ ಒಂದು ಯೋಚನೆ ಬಂತು, ಹೋಯಿತು. ಎಷ್ಟಾದರೂ ನಿನ್ನ ತಂಗಿ. ಮಾಡಿ ಮುಗಿಸಿದೆ.

ಸಂಜೆ ಗಿರಣಿ ಮೆಟ್ಟಿಲು ಹತ್ತಿ ಮ್ಯಾನೇಜರನನ್ನು ಕಂಡೆ. ತಪ್ಪು ನನ್ನದು, ಅವಳದಲ್ಲ ಅಂದೆ. ಅವನು ಬಿಸ್ಕತ್ತು ಅಗಿಯುತ್ತಾ, "ಬುಧವಾರ ಇನ್ನೊಂದು ಸಲ ನೋಡೋಣ. ನೀವು ಮಾತ್ರ ಈ ಮೆಟ್ಟಿಲು ಹತ್ತಕೂಡದು" ಅಂದ.

ಮಾರ್ಚ್ 18, ಬುಧವಾರ

ಮೆಟ್ಟಿಲು ಹತ್ತಲಿಲ್ಲ. ಗಿರಣಿಯ ಮುಂದೆ ನಿಂತೆ. ಹಿಟ್ಟಿನವನು ಬೆಂಚು ತೋರಿಸಿದ, ಕೂತೆ. ಅರ್ಧ ಗಂಟೆ ಅಂದರೆ ಎಷ್ಟು ಉದ್ದ ಅಂತ ನಲವತ್ತು ವರ್ಷ ಪರೀಕ್ಷಾ ಕೊಠಡಿಯಲ್ಲಿ ಓಡಾಡಿದ ನನಗೆ ಇವತ್ತು ಗೊತ್ತಾಯಿತು.

ಅವಳು ಇಳಿದು ಬಂದಳು. ನನ್ನ ಕೋಟಿನ ಹಿಟ್ಟು ಎಡಗೈಯಲ್ಲಿ ಕೊಡವಿದಳು, ಆಮೇಲೆ ನಕ್ಕಳು. ಪಾಸು!

ಇಬ್ಬರೂ ಹೋಟೆಲಿಗೆ ಹೋಗಿ ಕೂತು ಊಟ ಮಾಡಿದೆವು.

ಮಾರ್ಚ್ 20, ಶುಕ್ರವಾರ

ನಾಲ್ಕೂವರೆಯಿಂದ ಬಾಲ್ಕನಿಯಲ್ಲಿ ಕೂತಿದ್ದೇನೆ, ತೊಡೆಯ ಮೇಲೆ ಈ ಪುಸ್ತಕ, ಪಕ್ಕದಲ್ಲಿ ರೇಡಿಯೋ. ಕೆಳಗೆ ದರ್ಜಿ ಮಿಷನ್ ನಿಲ್ಲಿಸಿ ಅಂಗಡಿಯ ರೇಡಿಯೋ ಹಚ್ಚಿದ್ದಾನೆ. ಎರಡರ ನಡುವೆ ಕೂದಲೆಳೆಯಷ್ಟು ಅಂತರ, ಅವಳು ಎರಡೆರಡು ಸಲ ಹೇಳುತ್ತಿದ್ದಾಳೆ ಅನ್ನಿಸುತ್ತದೆ.

ಸರಿಯಾಗಿ ಐದಕ್ಕೆ ಬಂದಳು. "ಏಳು ತಿಂಗಳು ನಿಮ್ಮನ್ನ ಹಾಡಿನ ಕೈಗೆ ಒಪ್ಪಿಸಿ ಹೋಗಿದ್ದೆ, ಚೆನ್ನಾಗಿ ನೋಡಿಕೊಂಡಿದೆ ತಾನೆ?" ಕೆಳಗೆ ದರ್ಜಿ ಚಪ್ಪಾಳೆ ತಟ್ಟಿದ.

ಮೊದಲ ಪತ್ರ, ಹಾಡು, ಎರಡನೇ ಪತ್ರ. ಎಫ್ ಮೂರು, ಎಫ್ ಒಂದು, ನನ್ನ ಬೆರಳೂ ಇಲ್ಲಿ ತೊಡೆಯ ಮೇಲೆ ಕುಣಿಯುತ್ತಿತ್ತು. ಐದೂ ಕಾಲಿಗೆ ಒಬ್ಬ ಅಜ್ಜಿಯ ಪತ್ರ. ಮೊಮ್ಮಗನ ಮದುವೆಗೆ ಹೋಗಿ, ಬೇರೆಯವರ ಮದುವೆ ಮನೆಯಲ್ಲಿ ಎರಡು ಪಂಕ್ತಿ ಊಟ ಮಾಡಿ, ಉಡುಗೊರೆ ಕೊಟ್ಟು ಬಂದಿದ್ದಾರೆ. "ಊಟ ಮಾತ್ರ ಚೆನ್ನಾಗಿತ್ತು, ಆದ್ದರಿಂದ" ಅಂತ ಓದಿದಳು, ಅಲ್ಲಿಗೆ ನಿಶ್ಶಬ್ದ.

ಒಂದು. ಎರಡು. ಮೂರು.

ನಾಲ್ಕನೇ ಸೆಕೆಂಡಿಗೆ ಫೋನ್ ಕೈಯಲ್ಲಿತ್ತು. ಐದಕ್ಕೆ ಚಪ್ಪಲಿ ಕಾಲಲ್ಲಿತ್ತು. ಇಲ್ಲಿಂದ ಗಿರಣಿಗೆ ಹನ್ನೆರಡು ನಿಮಿಷ, ಓಡಿದರೆ ಎಂಟು. ಈ ವಯಸ್ಸಿಗೆ ಓಡಿದರೆ ಆಸ್ಪತ್ರೆ. ಕೆಳಗಿನಿಂದ ದರ್ಜಿ ತಲೆಯೆತ್ತಿ ನೋಡಿದ. ನಾನು ಅವನನ್ನು ನೋಡಿದೆ. ಮೈಕ್ ಅವಳ ಕೈಯಲ್ಲಿದೆ, ಕೀ ಅವಳ ಕೈಯಲ್ಲಿದೆ. ಫೋನನ್ನು ಹೂಕುಂಡದ ಮೇಲಿಟ್ಟು ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ.

ಒಂಬತ್ತನೇ ಸೆಕೆಂಡಿಗೆ ಧ್ವನಿ ಬಂತು, ಏನೂ ಆಗಿಲ್ಲವೆಂಬಂತೆ: "ಆದ್ದರಿಂದ ಆ ವಧೂವರರಿಗೂ ನನ್ನ ಆಶೀರ್ವಾದ ಇರಲಿ ಅಂತ ಬರೆದಿದ್ದಾರೆ." ಅದರ ಹಿಂದೆಯೇ ಹಾಡು ಮೆಲ್ಲಗೆ ಏರಿತು, ಅವಳು ಮಾತಾಡಿದಾಗ ಮೆಲ್ಲಗೆ ಇಳಿಯಿತು. ಏರಿಸುವುದಕ್ಕೆ, ಇಳಿಸುವುದಕ್ಕೆ ನಾನು ಕೀ ಕೊಟ್ಟಿರಲಿಲ್ಲ, ಮೆನುವಿನ ತಳದಲ್ಲಿ ಸುಮ್ಮನೆ ಇಟ್ಟಿದ್ದೆ. ಯಾವ ಕೀಗೆ ಇಟ್ಟುಕೊಂಡಳೋ.

ಆರೂ ಹತ್ತಕ್ಕೆ ಫೋನ್ ಮಾಡಿದಳು.

"ಭಾವ, ಎಲ್ಲಿದ್ದೀರಿ? ಮೆಟ್ಟಿಲ ಹತ್ತಿರ ಇಲ್ಲ ತಾನೆ?"

"ಮನೇಲೇ ಇದ್ದೀನಮ್ಮ. ಆ ಒಂಬತ್ತು ಸೆಕೆಂಡು ಏನಾಯ್ತು? ಯಾವ ಕೀ ಕೈಕೊಟ್ತು?"

"ಯಾವುದೂ ಇಲ್ಲ. ಆ ಅಜ್ಜಿಯ ಪತ್ರ ಓದ್ತಾ ನಗು ತಡೆಯೋಕಾಗಲಿಲ್ಲ. ನಾನೇ ಮೈಕ್ ಮುಚ್ಚಿದೆ. ಹೊಟ್ಟೆ ತುಂಬ ನಕ್ಕೆ, ಕಣ್ಣು ಒರೆಸಿಕೊಂಡೆ, ತೆರೆದೆ." ಇನ್ನೂ ನಗುತ್ತಿದ್ದಳು. "ಮೌಸಿದ್ದಾಗ ಹೀಗೆ ಮುಚ್ಚಿಕೊಂಡು ನಗೋ ಭಾಗ್ಯ ಎಲ್ಲಿತ್ತು ಭಾವ!"

ಗಿರಣಿಯ ಬೆಂಚಿನ ಹತ್ತಿರ ಬರುತ್ತಾಳಂತೆ, ಮ್ಯಾನೇಜರ್ ಎಲ್ಲರಿಗೂ ಚಹಾ ಹೇಳಿದ್ದಾನಂತೆ, ದರ್ಜಿಯನ್ನೂ ಕರೆದುಕೊಂಡು ಬರಬೇಕಂತೆ. ಅವನು ಆಗಲೇ ಕೆಳಗೆ ಬಾಗಿಲು ಎಳೆಯುತ್ತಾ "ಮೇಷ್ಟ್ರೇ, ಬರೆದದ್ದು ಸಾಕು" ಅಂತ ಕೂಗುತ್ತಿದ್ದಾನೆ. ಇದನ್ನೆಲ್ಲ ಬೇಗ ಬೇಗ ಬರೆದೆ, ಅಕ್ಷರ ಒಂದರ ಮೇಲೊಂದು ಹತ್ತಿವೆ. ಈ ಸಾಲಂತೂ ಕಾಣಿಸುತ್ತಲೇ ಇಲ್ಲ. ನೋಡಿದರೆ ಬಾಲ್ಕನಿಯಲ್ಲಿ ಬೆಳಕೇ ಉಳಿದಿಲ್ಲ, ಹೊತ್ತು